ವಿಎಸ್‌ಆರ್‌ಎಕ್ಸ್ ಕ್ಲಸ್ಟರ್ 'ಹೋಲ್ಡ್'ನಲ್ಲೇ ನಿಂತರೆ ಎಲ್ಲಿ ನೋಡಬೇಕು

ಜೂನಿಪರ್‌ನ ವಿಎಸ್‌ಆರ್‌ಎಕ್ಸ್ ಒಂಟಿಯಾಗಿ ಓಡುವಾಗ ತಕರಾರಿಲ್ಲದ, ವಿಎಂ (ವರ್ಚುವಲ್ ಯಂತ್ರ) ರೂಪದ ಫೈರ್‌ವಾಲ್. ವಿಎಂವೇರ್‌ನ ವರ್ಚುವಲೈಸೇಶನ್ ವೇದಿಕೆ ಇಎಸ್‌ಎಕ್ಸ್‌ಐ ಮೇಲೆ ಎರಡನ್ನು ಸೇರಿಸಿ, ಒಂದು ಬಿದ್ದರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಚಾಸಿಸ್ ಕ್ಲಸ್ಟರ್ ಕಟ್ಟಲು ಹೊರಟಾಗ ಅದರ ಗುಣ, ಕೊರತೆ ಎರಡೂ ಬಯಲಾಗುತ್ತವೆ. ಒಂದು ನೋಡ್ (ಜೋಡಿಯ ಒಂದು ಫೈರ್‌ವಾಲ್) ಆರಂಭದ ಕಾಯುವ ಸ್ಥಿತಿಯಾದ 'ಹೋಲ್ಡ್' ಬಿಟ್ಟು ಏಳುವುದಿಲ್ಲ, ಇಲ್ಲವೇ ಎರಡೂ ತಾವೇ ಪ್ರೈಮರಿ (ಮುಖ್ಯ ನೋಡ್) ಎಂದುಕೊಂಡು ಎದುರಿನದನ್ನು 'ಲಾಸ್ಟ್' ಎನ್ನುತ್ತವೆ.

ಎರಡೂ ಪ್ರೈಮರಿ ಆಗಿದ್ದರೆ ಮೊದಲು ವಿಎಂನ ನೆಟ್‌ವರ್ಕ್ ಅಡಾಪ್ಟರ್ ಲೆಕ್ಕ ನೋಡಿ. ಒಂಟಿ ವಿಎಸ್‌ಆರ್‌ಎಕ್ಸ್‌ನಲ್ಲಿ ಒಂದನೇ ಅಡಾಪ್ಟರ್ ನಿರ್ವಹಣೆಯ ಪೋರ್ಟ್ ಎಫ್‌ಎಕ್ಸ್‌ಪಿ0, ಎರಡನೆಯದು ಮೊದಲ ಡೇಟಾ ಪೋರ್ಟ್ ಜಿಇ-0/0/0. ಕ್ಲಸ್ಟರ್ ಐಡಿ ಕೊಟ್ಟು ರೀಬೂಟ್ ಮಾಡಿದರೆ ಎರಡನೆಯದು ನೋಡ್‌ಗಳು ಪರಸ್ಪರ ಮಾತಾಡಿಕೊಳ್ಳುವ ಕಂಟ್ರೋಲ್ ಲಿಂಕ್ ಇಎಂ0 ಆಗುತ್ತದೆ, ಜಿಇ-0/0/0 ಮೂರನೆಯದಕ್ಕೆ ಸರಿಯುತ್ತದೆ. ನೋಡ್ 1ರಲ್ಲಿ ಅದರ ಹೆಸರು ಜಿಇ-7/0/0. ಅಡಾಪ್ಟರ್ ಸೇರಿರುವ ಪೋರ್ಟ್ ಗ್ರೂಪ್ (ವರ್ಚುವಲ್ ಸ್ವಿಚ್‌ನ ನೆಟ್‌ವರ್ಕ್) ಬದಲಿಸದಿದ್ದರೆ ಹಾರ್ಟ್‌ಬೀಟ್, ಅಂದರೆ 'ನಾನಿದ್ದೇನೆ' ಎನ್ನುವ ಸಂದೇಶ, ಯಾವುದೋ ಡೇಟಾ ನೆಟ್‌ವರ್ಕ್‌ಗೆ ಹರಿದುಹೋಗುತ್ತದೆ. ಕ್ಲಸ್ಟರ್ ಐಡಿ ಕೊಡುವ ಕಮಾಂಡ್ ಇದರ ಸುಳಿವನ್ನೇ ಕೊಡುವುದಿಲ್ಲ. ಇಷ್ಟು ದೊಡ್ಡ ಬದಲಾವಣೆಗೆ ಒಂದು ಸಾಲಿನ ಎಚ್ಚರಿಕೆಯಾದರೂ ಬೇಕಿತ್ತು.

ನಂತರ 'ಶೋ ಚಾಸಿಸ್ ಕ್ಲಸ್ಟರ್ ಕಂಟ್ರೋಲ್-ಪ್ಲೇನ್ ಸ್ಟಾಟಿಸ್ಟಿಕ್ಸ್' ಕೊಡಿ. ಕಳಿಸಿದ ಹಾರ್ಟ್‌ಬೀಟ್ ಏರುತ್ತಿದ್ದು, ಬಂದದ್ದು 0 ಇದ್ದರೆ ತಪ್ಪು ಫೈರ್‌ವಾಲ್‌ನದಲ್ಲ, ದಾರಿಯದು. ಪೋರ್ಟ್ ಗ್ರೂಪ್‌ನ ಭದ್ರತಾ ಸೆಟ್ಟಿಂಗ್‌ಗಳಾದ ಪ್ರಾಮಿಸ್ಕ್ಯುಅಸ್ ಮೋಡ್, ಮ್ಯಾಕ್ ಅಡ್ರೆಸ್ ಚೇಂಜಸ್, ಫೋರ್ಜ್ಡ್ ಟ್ರಾನ್ಸ್‌ಮಿಟ್ಸ್ ಮೂರನ್ನೂ 'ಅಕ್ಸೆಪ್ಟ್' ಮಾಡಿ. ಎರಡು ವಿಎಂಗಳನ್ನೂ ತಾತ್ಕಾಲಿಕವಾಗಿ ಒಂದೇ ಹೋಸ್ಟ್‌ಗೆ ತನ್ನಿ. ಅಲ್ಲಿ ಕ್ಲಸ್ಟರ್ ಕೂಡಿಕೊಂಡರೆ ಫಿಸಿಕಲ್ ಸ್ವಿಚ್‌ನ ಟ್ರಂಕ್‌ನಲ್ಲಿ (ಹಲವು ವಿಲ್ಯಾನ್ ಸಾಗಿಸುವ ಪೋರ್ಟ್) ಕಂಟ್ರೋಲ್ ಲಿಂಕ್‌ನ ವಿಲ್ಯಾನ್ ಬಿಟ್ಟುಹೋಗಿರುವ ಸಾಧ್ಯತೆಯೇ ಹೆಚ್ಚು. ಇಎಸ್‌ಎಕ್ಸ್‌ಐ ಬದಲು ಲಿನಕ್ಸ್‌ನ ಕೆವಿಎಂ ಆದರೆ ಲಿನಕ್ಸ್ ಬ್ರಿಡ್ಜ್‌ನ ಮಲ್ಟಿಕಾಸ್ಟ್ ಸ್ನೂಪಿಂಗ್ ಅನ್ನು 0 ಮಾಡಿ.

ಹೋಲ್ಡ್ ಬಿಡದ ನೋಡ್‌ನಲ್ಲಿ 'ಶೋ ಚಾಸಿಸ್ ಎಫ್‌ಪಿಸಿ ಪಿಕ್-ಸ್ಟೇಟಸ್' ನೋಡಿ. ಎಫ್‌ಪಿಸಿ (ಪ್ಯಾಕೆಟ್ ಸಾಗಿಸುವ ಭಾಗ) ಆನ್‌ಲೈನ್ ಇಲ್ಲದಿದ್ದರೆ ಸಂಪನ್ಮೂಲ ಸಾಲುತ್ತಿಲ್ಲವೇ ಎಂದು ಪರೀಕ್ಷಿಸಿ: ಕನಿಷ್ಠ 2 ವಿಸಿಪಿಯು, 4 ಜಿಬಿ ರ‍್ಯಾಮ್ ಬೇಕು. ಹಳೆಯ ಆವೃತ್ತಿ ತನ್ನೊಳಗೇ ಇನ್ನೊಂದು ವಿಎಂ ಓಡಿಸುತ್ತಿದ್ದುದರಿಂದ ನೆಸ್ಟೆಡ್ ವರ್ಚುವಲೈಸೇಶನ್ ಕೂಡ ತೆರೆದಿರಬೇಕಿತ್ತು, 3.0ರಲ್ಲಿ ಆ ಗೋಳಿಲ್ಲ.

ನಿಜಕ್ಕೂ ಮೆಚ್ಚಬೇಕಾದ್ದು 'ಶೋ ಚಾಸಿಸ್ ಕ್ಲಸ್ಟರ್ ಸ್ಟೇಟಸ್'ನ ಮಾನಿಟರ್-ಫೇಲ್ಯೂರ್ಸ್ ಕಾಲಮ್. ರಿಡಂಡೆನ್ಸಿ ಗ್ರೂಪ್ 1ರ (ಒಟ್ಟಾಗಿ ಒಂದು ನೋಡ್‌ನಿಂದ ಇನ್ನೊಂದಕ್ಕೆ ಸಾಗುವ ಇಂಟರ್‌ಫೇಸ್‌ಗಳ ಗುಂಪು) ಪ್ರಯಾರಿಟಿ 0ಕ್ಕೆ ಇಳಿದಿದ್ದರೆ ಪಕ್ಕದ ಎರಡಕ್ಷರವೇ ಕಾರಣ ಹೇಳುತ್ತದೆ: ಸಿಎಸ್ ಎಂದರೆ ಕೋಲ್ಡ್ ಸಿಂಕ್ (ನೋಡ್‌ಗಳ ಆರಂಭಿಕ ಮಾಹಿತಿ ಹೊಂದಾಣಿಕೆ) ಮುಗಿದಿಲ್ಲ, ಎಫ್‌ಎಲ್ ಎಂದರೆ ನೋಡ್‌ಗಳ ನಡುವೆ ಡೇಟಾ ಸಾಗಿಸುವ ಫ್ಯಾಬ್ರಿಕ್ ಲಿಂಕ್, ಐಎಫ್ ಎಂದರೆ ಇಂಟರ್‌ಫೇಸ್. ಫ್ಯಾಬ್ರಿಕ್ ಆದರೆ ವಿಸ್ವಿಚ್‌ನಲ್ಲೂ (ವರ್ಚುವಲ್ ಸ್ವಿಚ್) ನಡುವಿನ ಸ್ವಿಚ್‌ಗಳಲ್ಲೂ ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, 9000 ಇದೆಯೇ ನೋಡಿ.

ಕಂಟ್ರೋಲ್ ಲಿಂಕ್ ಮಾತ್ರ ಬಿದ್ದರೆ ಸೆಕೆಂಡರಿ 'ಇನೆಲಿಜಿಬಲ್' ಆಗಿ, 180 ಸೆಕೆಂಡ್ ಕಳೆದ ಮೇಲೆ 'ಡಿಸೇಬಲ್ಡ್' ಆಗುತ್ತದೆ. ಆಮೇಲೆ ಲಿಂಕ್ ಸರಿಪಡಿಸಿದರೂ ಅದು ಸಾಮಾನ್ಯವಾಗಿ ತಾನಾಗಿ ಏಳದು; ಆ ನೋಡ್ ಒಂದನ್ನೇ ರೀಬೂಟ್ ಮಾಡಿ, ಪ್ರೈಮರಿಯನ್ನು ಮುಟ್ಟಬೇಡಿ.