ಮಾಲಕರನ್ನು ಭೇಟಿ ಮಾಡಿಸದ ಏಜೆಂಟರಿಗೆ ಲೀಸ್ ಹಣ ಕೊಡಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಲೀಸಿಗೆ ಮನೆ ಹುಡುಕುತ್ತಿರುವವರು, ಅದರಲ್ಲೂ ಶಾಲೆ ಆರಂಭವಾಗುವುದರೊಳಗೆ ಹೇಗಾದರೂ ಮನೆ ಸಿಗಲಿ ಎಂಬ ಅವಸರದಲ್ಲಿರುವವರು, ಏಜೆಂಟರ ಕೈಗೆ ಹಣ ಕೊಡುವ ಮುನ್ನ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ತಂಗಿಯ ಕುಟುಂಬ ಹೀಗೆ ಆರು ಲಕ್ಷ ರೂಪಾಯಿ ಕಳೆದುಕೊಂಡಿದೆ. ಅದರಲ್ಲಿ ಹೆಚ್ಚಿನ ಪಾಲು ರೋಣದ ಕಡೆಯ ಹೊಲ ಮಾರಿದ್ದರಿಂದ ಬಂದ ಹಣ.

ಮಕ್ಕಳ ಓದಿಗಾಗಿ ಹುಬ್ಬಳ್ಳಿಗೆ ಬಂದ ಅವರಿಗೆ ಗೋಕುಲ ರಸ್ತೆಯ ಕಡೆ ಏಜೆಂಟರೊಬ್ಬರು ಒಂದು ಒಳ್ಳೆಯ ಮನೆ ತೋರಿಸಿದರು. ಆರು ಲಕ್ಷ ಕೊಟ್ಟರೆ ಮೂರು ವರ್ಷ ಬಾಡಿಗೆಯಿಲ್ಲದೆ ಇರಬಹುದು, ಬಿಡುವಾಗ ಪೂರ್ತಿ ಹಣ ವಾಪಸು ಎಂಬುದು ಮಾತಾಗಿತ್ತು. ಮಾಲಕರೊಂದಿಗೆ ಒಮ್ಮೆ ಮಾತನಾಡಬೇಕೆಂದು ತಂಗಿ ಕೇಳಿದಾಗ, "ಅಕ್ಕಾರ, ಅವರು ಪುಣೆದಾಗ ಮಗನ ಕಡೆ ಅದಾರ್ರಿ, ಇಲ್ಲಿದೆಲ್ಲಾ ನನಗ ಒಪ್ಪಿಸ್ಯಾರ" ಎಂಬ ಉತ್ತರ ಬಂತು. ದಲಾಲಿಯನ್ನೂ ಅವರು ಬೇಡವೆಂದರು. ಸಾಮಾನ್ಯವಾಗಿ ದಲಾಲಿ ಕೇಳುವ ವ್ಯವಹಾರದಲ್ಲಿ ಏಜೆಂಟರು ಏನನ್ನೂ ಕೇಳದಿದ್ದರೆ, ಅವರ ಸಂಪಾದನೆ ಬೇರೆಲ್ಲಿಂದಲೋ ಬರುತ್ತಿದೆ ಎಂದೇ ತಿಳಿಯಬೇಕು.

ಅದು ಎಲ್ಲಿಂದ ಬರುತ್ತಿತ್ತು ಎಂಬುದು ಒಂದು ದಿನ ಮಾಲಕರೇ ಬಾಗಿಲಿಗೆ ಬಂದು ನಿಂತಾಗ ಗೊತ್ತಾಯಿತು. ಅವರು ಪುಣೆಯಲ್ಲಿದ್ದುದು ನಿಜ, ಆದರೆ ಮನೆಯನ್ನು ಲೀಸಿಗೆ ಕೊಟ್ಟೇ ಇರಲಿಲ್ಲ. ಐವತ್ತು ಸಾವಿರ ಡಿಪಾಜಿಟ್ ಮತ್ತು ತಿಂಗಳಿಗೆ ಹನ್ನೆರಡು ಸಾವಿರ ಬಾಡಿಗೆಗೆ, 11 ತಿಂಗಳ ಕರಾರಿನ ಮೇಲೆ, ಅದೇ ಏಜೆಂಟರಿಗೆ ಕೊಟ್ಟಿದ್ದರು. ಕೆಲವು ತಿಂಗಳು ಬಾಡಿಗೆ ಸರಿಯಾಗಿ ಬಂದು, ಆಮೇಲೆ ನಿಂತುಹೋಗಿ, ಫೋನಿಗೂ ಉತ್ತರವಿಲ್ಲವಾದಾಗ ಅವರು ಊರಿಗೆ ಬಂದಿದ್ದರು. ಮೂರು ವರ್ಷ ತಪ್ಪದೆ ಬಾಡಿಗೆ ಕಟ್ಟಿದರೂ 4,32,000 ರೂಪಾಯಿ ಅದಕ್ಕೇ ಹೋಗುತ್ತದೆ. ಆಗ ಮರಳಿಸಬೇಕಾದ ಆರು ಲಕ್ಷ ಮತ್ತೊಬ್ಬರ ಲೀಸ್ ಹಣದಿಂದಲೇ ಬರಬೇಕು. ಅಂದರೆ ಒಬ್ಬರನ್ನು ವಂಚಿಸದೆ ಇನ್ನೊಬ್ಬರ ಸಾಲ ತೀರಿಸಲು ದಾರಿಯೇ ಇಲ್ಲದ ವ್ಯವಹಾರವಿದು.

ತಂಗಿಯ ಬಳಿ ಕಾಗದವಿಲ್ಲದೆ ಇರಲಿಲ್ಲ. ಬಾಂಡ್ ಪೇಪರಿನ ಮೇಲೆ ಬರೆದ ಕರಾರು, ಮಾಲಕರ ಪರವಾಗಿ ವಟಮುಖತ್ಯಾರರೆಂದು (ಪವರ್ ಆಫ್ ಅಟಾರ್ನಿ ಪಡೆದವರೆಂದು) ಏಜೆಂಟರ ಸಹಿ, ಕೆಳಗೆ ನೋಟರಿಯ ಮುದ್ರೆ ಎಲ್ಲವೂ ಇದ್ದವು. ಆದರೆ ಆ ವಟಮುಖತ್ಯಾರ ಪತ್ರದ ಪ್ರತಿಯನ್ನು ಕೇಳಿದಾಗಲೆಲ್ಲ "ನಾಳೆ ಕೊಡ್ತೀನ್ರಿ" ಎಂಬ ಮಾತಷ್ಟೇ ಸಿಕ್ಕಿತ್ತು. ನೋಟರಿಯ ಮುದ್ರೆಯ ಬಗ್ಗೆ ನಮ್ಮಲ್ಲಿ ದೊಡ್ಡ ಭ್ರಮೆಯಿದೆ. ಸಹಿ ಮಾಡಿದವರು ಇಂಥವರು ಎಂಬುದಕ್ಕೆ ಅದು ಆಧಾರವಾಗಬಹುದೇ ಹೊರತು, ಆ ಮನೆಯನ್ನು ಕೊಡುವ ಹಕ್ಕು ಅವರಿಗಿದೆ ಎಂಬುದಕ್ಕಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮಿನಂತೆ, ಒಂದು ವರ್ಷ ಮೀರಿದ ಅವಧಿಯ ಲೀಸ್ ನೋಂದಾಯಿತ ಪತ್ರದ ಮೂಲಕವೇ ಆಗಬೇಕು. ಬಾಡಿಗೆ ಕರಾರುಗಳನ್ನು 11 ತಿಂಗಳಿಗೆ ಬರೆಯುವ ರೂಢಿ ಬೆಳೆದದ್ದೂ ಇದರಿಂದಲೇ. ಉಪನೋಂದಣಾಧಿಕಾರಿ ಕಚೇರಿಗೆ ಹೋದರೆ ಮಾಲಕರು ಬರಬೇಕು, ಇಲ್ಲವೇ ಅವರು ಕೊಟ್ಟ ಅಧಿಕಾರದ ಪತ್ರ ಹೊರಗೆ ಬರಬೇಕು. ನೋಂದಣಿ ಎಂದರೆ ಸುಮ್ಮನೆ ಖರ್ಚು ಎಂದು ಏಜೆಂಟರು ಅದನ್ನು ತಪ್ಪಿಸಿದ್ದು ಏಕೆಂದು ಈಗ ಯಾರಿಗಾದರೂ ಅರ್ಥವಾಗುತ್ತದೆ.

ಕಚೇರಿಯ ಫಲಕದ ಮೇಲೆ ರೇರಾ ನೋಂದಣಿ ಸಂಖ್ಯೆ ಇದೆಯೆಂದು ಧೈರ್ಯ ತಾಳುವವರೂ ಇದ್ದಾರೆ. ರೇರಾ ಎಂದರೆ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ. ಅದರಲ್ಲಿ ಏಜೆಂಟರ ನೋಂದಣಿ ಇರುವುದು ರಿಯಲ್ ಎಸ್ಟೇಟ್ ಯೋಜನೆಗಳ ನಿವೇಶನ, ಫ್ಲ್ಯಾಟ್, ಕಟ್ಟಡಗಳ ಮಾರಾಟಕ್ಕೆ ಸಂಬಂಧಿಸಿದಂತೆ. ನಿವೇಶನ ಕೊಳ್ಳುವವರು ಆ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲಿ ಪರಿಶೀಲಿಸಲೇಬೇಕು. ಆದರೆ ಬಾಡಿಗೆ ಮತ್ತು ಲೀಸ್ ವ್ಯವಹಾರಕ್ಕೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ.

ಹಾಗಾದರೆ ನಂಬಿಕೆಗೆ ಅರ್ಹರಾದ ಏಜೆಂಟರನ್ನು ಗುರುತಿಸುವುದು ಹೇಗೆ? ಮಾಲಕರಿಗೂ ಬಾಡಿಗೆದಾರರಿಗೂ ನಡುವೆ ಅವರು ಗೋಡೆಯಾಗಿ ನಿಲ್ಲುತ್ತಾರೆಯೇ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಧಾರವಾಡದ ಸಪ್ತಾಪುರದಲ್ಲಿ ನನಗೆ ಮನೆ ಕೊಡಿಸಿದವರು ಕೀಲಿ ತೆಗೆಯುವ ಮೊದಲೇ ಮಾಲಕರಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಿದ್ದರು, ಕರಾರಿನ ದಿನ ಇಬ್ಬರನ್ನೂ ಎದುರುಬದುರು ಕೂಡಿಸಿ, ತಮ್ಮ ದಲಾಲಿಗೆ ರಸೀದಿಯನ್ನೂ ಬರೆದುಕೊಟ್ಟಿದ್ದರು. ಆದರೂ ಏಜೆಂಟರು ಕೊಟ್ಟ ನಂಬರಿನಲ್ಲಿ ಮಾತನಾಡುವವರೇ ಮಾಲಕರು ಎಂದು ನಂಬಿ ಕೂಡುವಂತಿಲ್ಲ. ಸಿಟಿಎಸ್ ಉತಾರ (ನಗರ ಭೂಮಾಪನ ದಾಖಲೆಯ ಪ್ರತಿ), ಮಹಾನಗರ ಪಾಲಿಕೆಯ ತೆರಿಗೆ ರಸೀದಿ ಮತ್ತು ಮಾಲಕರ ಗುರುತಿನ ಚೀಟಿಯಲ್ಲಿ ಒಂದೇ ಹೆಸರಿದೆಯೇ ಎಂದು ನೋಡಬೇಕು. ಹೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ ಅನೇಕ ಕಡೆ ಇನ್ನೂ ತಂದೆ-ತಾತಂದಿರ ಹೆಸರೇ ಇರುವುದರಿಂದ ಅದೊಂದೇ ಸಾಲದು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿದರೆ ಆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳೂ ಕಾಣುತ್ತವೆ. ಅಕ್ಕಪಕ್ಕದ ಮನೆಯವರನ್ನು ವಿಚಾರಿಸುವುದಕ್ಕಂತೂ ಖರ್ಚೇ ಇಲ್ಲ. ಇಷ್ಟಾದ ಮೇಲೂ ಹಣ ಮಾಲಕರ ಬ್ಯಾಂಕ್ ಖಾತೆಗೇ ಹೋಗಬೇಕು, ಏಜೆಂಟರಿಗೆ ಅವರ ದಲಾಲಿ ಮಾತ್ರ.

ತಂಗಿ ಪೊಲೀಸರಿಗೆ ದೂರು ಕೊಟ್ಟಿದ್ದಾಳೆ, ತನಿಖೆ ನಡೆದಿದೆ. ಮಾಲಕರು ಸಹೃದಯರಾದ್ದರಿಂದ ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಬಾಡಿಗೆ ಕೊಟ್ಟು ಇರಲು ಒಪ್ಪಿದ್ದಾರೆ, ಅವರ ಸಹಿಯಿಲ್ಲದ ಕರಾರಿಗೆ ಅವರು ಬದ್ಧರಾಗಿರಬೇಕಾಗಿಲ್ಲದಿದ್ದರೂ. ಮಾಲಕರನ್ನು ಒಮ್ಮೆಯೂ ಕಾಣದೆ ಲೀಸಿನ ಮನೆಯಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಏಜೆಂಟರು ಮಾಲಕರಿಗೆ ಕಟ್ಟುವ ಬಾಡಿಗೆ ನಿಲ್ಲುವ ದಿನಕ್ಕೆ ಕಾಯದೆ ಈ ವಾರವೇ ಅವರ ವಿಳಾಸ ಪತ್ತೆ ಮಾಡಿ, ತಮ್ಮ ಕರಾರಿನ ಪ್ರತಿಯನ್ನು ತೋರಿಸಿ ಅವರಿಗೆ ಇದು ಗೊತ್ತಿದೆಯೇ ಎಂದು ಕೇಳಿ. ಗೊತ್ತಿಲ್ಲವೆಂದರೆ ಹಣ ಸಂದಾಯದ ಬ್ಯಾಂಕ್ ದಾಖಲೆ ಮತ್ತು ಏಜೆಂಟರ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ಸಾಧ್ಯವಾದರೆ ಮಾಲಕರನ್ನೂ ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ.