ಮರ ಉಳಿಸಲು ಯಾವ ದಾರಿ: ಆರ್‌ಟಿಐ, ಎನ್‌ಜಿಟಿ, ಹೈಕೋರ್ಟ್?

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಡೆ ಮರ ಉರುಳುತ್ತಿವೆ, ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದೀರಿ. ಮೊದಲು ಪಹಣಿ ತೆಗೆಸಿ, ಆ ಸರ್ವೆ ನಂಬರ್ ಅರಣ್ಯವೋ ಕಂದಾಯ ಭೂಮಿಯೋ ನೋಡಿ. ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಖರ್ಚಿನಲ್ಲಿ ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ) ಅಗ್ಗ: ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಎನ್‌ಜಿಟಿಗೆ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ), ಪರಿಹಾರ ಕೇಳದಿದ್ದರೆ, ಶುಲ್ಕ 1000. ಹೈಕೋರ್ಟಿನಲ್ಲಿ ವಕೀಲರ ಫೀಸೇ ದೊಡ್ಡದು, ಆದರೆ ಪೀಠ ಕಲಬುರಗಿಯಲ್ಲೇ ಇದೆ. ಎನ್‌ಜಿಟಿಯ ದಕ್ಷಿಣ ಪೀಠ ಚೆನ್ನೈಯಲ್ಲಿ.

ಹೆಚ್ಚಿನವರು ಎಡವುವುದು ವ್ಯಾಪ್ತಿಯಲ್ಲಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಎನ್‌ಜಿಟಿಗೆ ಬರುತ್ತದೆ, 1972ರ ವನ್ಯಜೀವಿ ಕಾಯ್ದೆ ಬರುವುದಿಲ್ಲ. ರಸ್ತೆ ಬದಿಯ ಬೇವಿಗೆ ಅನ್ವಯಿಸುವ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೂ ಅಷ್ಟೇ. ಹಾಗಾಗಿ ಚಿಂಚೋಳಿ ವನ್ಯಜೀವಿಧಾಮದೊಳಗಿನ ತಕರಾರಾಗಲಿ, ಬೀದರ್ ರಸ್ತೆ ಅಗಲೀಕರಣವಾಗಲಿ ಹೈಕೋರ್ಟಿಗೇ ಸರಿ. ಅನುಮತಿ ಇಲ್ಲದೆ ಅರಣ್ಯಭೂಮಿಯಲ್ಲಿ ಗಣಿಯೋ ರಸ್ತೆಯೋ ಆಗಿದ್ದರೆ ಎನ್‌ಜಿಟಿ. ಅಲ್ಲಿ ತಕರಾರು ಹುಟ್ಟಿದ 6 ತಿಂಗಳೊಳಗೆ ಹೋಗಬೇಕು. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಇನ್ನು 60 ದಿನ, ಅಷ್ಟೇ.

ನಾಳೆಯೇ ಗರಗಸ ಬರುವಂತಿದ್ದರೆ ಆರ್‌ಟಿಐ ನಂಬಿ ಕೂರಬೇಡಿ, ಉತ್ತರ ಬರುವಷ್ಟರಲ್ಲಿ ಬುಡ ಮಾತ್ರ ಉಳಿದಿರುತ್ತದೆ. ವ್ಯಾಪ್ತಿ ನೋಡಿ ಹೈಕೋರ್ಟಿನಲ್ಲೋ ಎನ್‌ಜಿಟಿಯಲ್ಲೋ ತಡೆಯಾಜ್ಞೆ ಕೇಳಿ. ಸಮಯವಿದ್ದರೆ ಮಾತ್ರ ಆರ್‌ಟಿಐ ಮೊದಲು. “ಏಕೆ ಕಡಿದಿರಿ” ಎಂದು ಬರೆದರೆ ಅರ್ಜಿ ವಾಪಸ್. “ಅನುಮತಿ ಆದೇಶ, ಮರಗಳ ಪಟ್ಟಿ, ಪಂಚನಾಮೆ, ನಕ್ಷೆಯ ಪ್ರತಿ ಕೊಡಿ” ಎಂದು 150 ಪದ ಮೀರದಂತೆ, ಒಂದೇ ವಿಷಯಕ್ಕೆ ಬರೆಯಿರಿ.