ಹಾಲಕ್ಕಿ ನೋಡೋಕೆ 8×42 ಬೈನಾಕ್ಯುಲರ್ ಸಾಕಾ?

ಧಾರಾಳವಾಗಿ ಸಾಕು. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣಿಸುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ, ಮಿ.ಮೀ. ಲೆಕ್ಕದಲ್ಲಿ. ನಮ್ಮ ಹಿತ್ತಲಿನ ಹುಣಸೆಮರದ ಪೊಟರೆಯಲ್ಲಿ ಹಾಲಕ್ಕಿ ಅನ್ನೋ ಸಣ್ಣ ಗೂಬೆಯ ಜೋಡಿ ಇದೆ. ಹೊತ್ತು ಮುಳುಗುವಾಗ ಹೊರಗೆ ಬಂದು ಕೂರುತ್ತವೆ. ಆ ಮಬ್ಬು ಬೆಳಕಲ್ಲೂ ಬಿಳಿ ಹುಬ್ಬು, ಹಳದಿ ಕಣ್ಣು, ನೆತ್ತಿಯ ಬಿಳಿ ಚುಕ್ಕಿಗಳು ನಿಚ್ಚಳವಾಗಿ ಕಾಣುತ್ತವೆ. ಚುಕ್ಕಿಯೇ ಮುಖ್ಯ ಗುರುತು. ಮಲೆನಾಡಿನ ಕಾಡಲ್ಲಿರುವ ಇನ್ನೊಂದು ಸಣ್ಣ ಗೂಬೆಗೆ ನೆತ್ತಿ ಮೇಲೆ ಒತ್ತೊತ್ತಾದ ಅಡ್ಡಪಟ್ಟಿ. ಎರಡೂ ಸುಮಾರು 20 ಸೆಂ.ಮೀ. ಉದ್ದ, ಬರಿಗಣ್ಣಿಗೆ ಒಂದೇ ಥರ ಅಲ್ವಾ? ನಮ್ಮನ್ನು ಕಂಡರೆ ಹಾಲಕ್ಕಿ ತಲೆ ಮೇಲೆ ಕೆಳಗೆ ಆಡಿಸಿ ದುರುಗುಟ್ಟಿ ನೋಡುತ್ತದೆ. ಆ ಸಿಡುಕು ಮುಖ ನೋಡೋಕಾದರೂ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕೊಕ್ಕಲ್ಲಿದ್ದ ಜೀರುಂಡೆಯ ಕಾಲು ಕೂಡ ಕಂಡಿತು!

ಜೊತೆಗೆ ಕೊಡುವ ಪಟ್ಟಿ ಮಾತ್ರ ಕಳಪೆ, ಕುತ್ತಿಗೆ ಕೊರೆಯುತ್ತದೆ. ಅಗಲದ್ದು ಹಾಕಿಸಿಕೊಳ್ಳಿ. ಸುಮ್ನೆ 10×42ಕ್ಕೆ ಆಸೆಪಡಬೇಡಿ, ಕೈ ನಡುಕ ಜಾಸ್ತಿ ಕಾಣುತ್ತದೆ.